ಯಾರ ಹರಕೆ ಇದು?

ನಂಜನಗೂಡಿನಿಂದ ಚಾಮರಾಜನಗರದ ದಿಕ್ಕಿಗೆ ಹೊರಟು, ಬದನವಾಳಿನ ಆಸುಪಾಸಿನಲ್ಲಿ ದೊಡ್ಡ ರಸ್ತೆ ಬಿಟ್ಟು ಒಳಗೆ ಹೋದರೆ ಹೆಮ್ಮರಗಾಲ. ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮಕ್ಕಳಾಗದ ದಂಪತಿಗೆ ಈ ಸೀಮೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಹೆಮ್ಮರಗಾಲಕ್ಕೆ ಒಂದ್ಸಲ ಹೋಗ್ಬನ್ನಿ.’ ಅಲ್ಲಿ ನೆಲೆಸಿರುವುದು ಸಂತಾನ ವೇಣುಗೋಪಾಲಸ್ವಾಮಿ. ಸ್ಥಳಪುರಾಣ ಈ ಕ್ಷೇತ್ರವನ್ನು ಕೌಂಡಿನ್ಯ ಮಹರ್ಷಿಯ ಹೆಸರಿನೊಡನೆ ಬೆಸೆಯುತ್ತದೆ. ಗಂಡು ಸಂತಾನಕ್ಕಾಗಿ ಹಾತೊರೆದ ಚೋಳ ದೊರೆಯೊಬ್ಬನ ಕಥೆಯೂ ಇಲ್ಲಿ ಚಾಲ್ತಿಯಲ್ಲಿದೆ. ದೇವರಿಗೆ ‘ಹುಚ್ಚು ಗೋಪಾಲ’ ಎಂಬ ಹೆಸರು ಬಂದದ್ದೂ ಆ ಕಥೆಯಿಂದಲೇ.

ಗುಡಿಯಲ್ಲಿ ನಡೆಯುವುದು ಇಷ್ಟು. ದಂಪತಿ ಜೊತೆಯಾಗಿ ಕೂರುತ್ತಾರೆ. ಸಂಕಲ್ಪವಾಗುತ್ತದೆ. ಹೆಣ್ಣುಮಗಳ ಮಡಿಲಿಗೆ ಪುಟ್ಟ ಕೃಷ್ಣನ ವಿಗ್ರಹವನ್ನು ಕೊಡುತ್ತಾರೆ. ಲೋಹದ ವಿಗ್ರಹ ಮುಟ್ಟಿದರೆ ತಣ್ಣಗೆ, ಎತ್ತಿದರೆ ಭಾರ. ಆದರೂ ಅವಳ ಎಡಗೈ ತಾನಾಗಿ ವಿಗ್ರಹದ ತಲೆಯ ಹಿಂಬದಿಗೆ ಹೋಗುತ್ತದೆ, ಕತ್ತು ನಿಲ್ಲದ ಕೂಸನ್ನು ಹಿಡಿದಂತೆ. ಯಾರೂ ಹಾಗೆ ಹಿಡಿ ಎಂದು ಹೇಳಿಕೊಟ್ಟಿರುವುದಿಲ್ಲ. ನಾನು ನೋಡಿದ ದಿನ ಹಾಗೆ ಕೂತಿದ್ದವಳಿಗೆ ಇಪ್ಪತ್ತೈದರ ಆಜುಬಾಜಿನ ವಯಸ್ಸು. ಹಿಂದೆ ಕುಳಿತಿದ್ದ ಹಿರಿಯ ಹೆಂಗಸು ಬಗ್ಗಿ, ‘ಹೈದನೇ ಆಗ್ಲಿ ಅಂತ ಕೇಳ್ಕೊ ಕನವ್ವ’ ಎಂದು ಪಿಸುಗುಟ್ಟಿದರು. ಸೊಸೆ ತಲೆಯಾಡಿಸಿದಳು, ಕಣ್ಣು ತೆರೆಯಲಿಲ್ಲ.

ಅವಳು ಕೇಳಿಕೊಂಡದ್ದು ಏನನ್ನು? ಹೈದನನ್ನೇ? ಗಂಡೋ ಹೆಣ್ಣೋ ಒಂದು ಕೂಸನ್ನೇ? ಅಥವಾ ‘ಇನ್ನೂ ಆಗ್ಲಿಲ್ವಾ?’ ಎಂದು ಮದುವೆ ಮನೆಗಳಲ್ಲಿ ಕೇಳುವವರ ಬಾಯಿ ಮುಚ್ಚಿದರೆ ಸಾಕು ಎಂದೇ? ಮನುಷ್ಯನ ಬಯಕೆಯ ಬಗ್ಗೆ ಮನೋವಿಜ್ಞಾನ ಒಂದು ಶತಮಾನದಿಂದ ಕೇಳುತ್ತಾ ಬಂದಿರುವ ದೊಡ್ಡ ಪ್ರಶ್ನೆಗಳೆಲ್ಲ ಆ ಮುಚ್ಚಿದ ಕಣ್ಣುಗಳ ಹಿಂದೆ ಇದ್ದವು ಎಂದು ನನಗೆ ಅನ್ನಿಸಿತು.

ಬಿ.ಎಡ್. ಓದಿದವರಿಗೆ, ಟಿಇಟಿ ಬರೆದವರಿಗೆ, ಬ್ಯಾಂಕಿನ ತರಬೇತಿಗೆ ಹೋಗಿ ಬಂದವರಿಗೆಲ್ಲ ಮಾಸ್ಲೊನ ತ್ರಿಕೋನ ಗೊತ್ತು. ತಳದಲ್ಲಿ ಅನ್ನ, ನೀರು, ನಿದ್ದೆ. ಅದರ ಮೇಲೆ ಭದ್ರತೆ. ಆಮೇಲೆ ಪ್ರೀತಿ, ಬಂಧುತ್ವ. ಅದಕ್ಕೂ ಮೇಲೆ ಗೌರವ. ತುದಿಯಲ್ಲಿ ತಾನು ಆಗಬಲ್ಲುದೆಲ್ಲವೂ ಆಗುವ ಹಂಬಲ. ಕೆಳಗಿನ ಮೆಟ್ಟಿಲು ಹತ್ತದೆ ಮೇಲಿನದು ಸಿಗದು ಎಂದು ಪಾಠ ಹೇಳುತ್ತಾರೆ, ಪರೀಕ್ಷೆಯಲ್ಲಿ ಅಂಕ ಕೊಡುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗ ಕಟ್ಟಿದ್ದು 1924ರಲ್ಲಿ. ನೂರು ವರ್ಷ ಈ ಶಾಸ್ತ್ರವನ್ನು ಓದಿದ ನಾಡಿನಲ್ಲೂ ಜನಸಾಮಾನ್ಯರ ತನಕ ಇಳಿದು ಬಂದದ್ದು ಹೆಚ್ಚುಕಡಿಮೆ ಆ ಒಂದು ತ್ರಿಕೋನವೇ.

ಆ ತ್ರಿಕೋನವನ್ನು ಮಾಸ್ಲೊ ಬರೆದೇ ಇಲ್ಲ. ಅಬ್ರಹಾಂ ಮಾಸ್ಲೊ 1943ರಲ್ಲಿ ‘ಸೈಕಲಾಜಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಚಿತ್ರವೇ ಇಲ್ಲ. ಅದನ್ನು ತ್ರಿಕೋನವಾಗಿಸಿದವರು 1960ರ ಸುಮಾರಿಗೆ ಕಂಪನಿಗಳಿಗೆ ಸಲಹೆ ಕೊಡುತ್ತಿದ್ದ ಮ್ಯಾನೇಜ್‌ಮೆಂಟ್ ಮಂದಿ. ಒಂದು ಅಗತ್ಯ ಪೂರ್ತಿ ತೀರಿದ ಮೇಲೆಯೇ ಇನ್ನೊಂದು ಹುಟ್ಟುತ್ತದೆಂದು ತಿಳಿಯಬೇಡಿ ಎಂದು ಆ ಲೇಖನದಲ್ಲಿಯೇ ಮಾಸ್ಲೊ ಎಚ್ಚರಿಸಿದ್ದರು. ಉದಾಹರಣೆಗೆಂದು ತಾವೇ ಊಹಿಸಿಕೊಂಡ ಅಂಕಿಗಳನ್ನೂ ಕೊಟ್ಟರು: ಸಾಧಾರಣ ಮನುಷ್ಯನೊಬ್ಬನ ದೇಹದ ಅಗತ್ಯಗಳು ಶೇ 85ರಷ್ಟು ತೀರಿರಬಹುದು, ಭದ್ರತೆಯವು ಶೇ 70, ಪ್ರೀತಿಯವು ಶೇ 50, ಸ್ವಾಭಿಮಾನದವು ಶೇ 40, ತುದಿಯದು ಶೇ 10. ಅಂದರೆ ಎಲ್ಲವೂ ಒಟ್ಟೊಟ್ಟಿಗೇ ಅರೆಬರೆಯಾಗಿ ತೀರುತ್ತಿರುತ್ತವೆ, ಒಟ್ಟೊಟ್ಟಿಗೇ ಕಾಡುತ್ತಿರುತ್ತವೆ. ಕೆಲವರಲ್ಲಿ ಈ ಕ್ರಮವೇ ತಲೆಕೆಳಗಾಗುವುದುಂಟು ಎಂದೂ ಅವರು ಬರೆದರು. ಪಠ್ಯಪುಸ್ತಕಕ್ಕೆ ಬರುವಷ್ಟರಲ್ಲಿ ಈ ಎಚ್ಚರಿಕೆಗಳೆಲ್ಲ ಉದುರಿಹೋಗಿ ಮೆಟ್ಟಿಲು ಮಾತ್ರ ಉಳಿಯಿತು.

ಮೆಟ್ಟಿಲಿನ ಕಥೆ ಸುಳ್ಳೆಂದು ತೋರಿಸಿದವರಲ್ಲಿ ಮಾಸ್ಲೊ ಅವರ ಗುರುವೂ ಒಬ್ಬರು. ವಿಸ್ಕಾನ್ಸಿನ್‌ನಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದ ಹ್ಯಾರಿ ಹಾರ್ಲೊ 1950ರ ದಶಕದಲ್ಲಿ ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಎರಡು ಬೊಂಬೆ ತಾಯಂದಿರನ್ನು ಕೊಟ್ಟರು. ಒಂದು ಬರೀ ತಂತಿಯದು, ಅದಕ್ಕೆ ಹಾಲಿನ ಬಾಟಲಿ ಕಟ್ಟಿತ್ತು. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು, ಹಾಲಿರಲಿಲ್ಲ. ಮರಿಗಳು ಹಸಿವಾದಾಗ ತಂತಿಯ ತಾಯಿಯ ಬಳಿ ಹೋಗಿ ಹಾಲು ಕುಡಿದು, ಮತ್ತೆ ಓಡಿ ಬಂದು ಬಟ್ಟೆಯ ತಾಯಿಯನ್ನು ತಬ್ಬಿಕೊಂಡವು. ದಿನದ ಬಹುಪಾಲು ಹೊತ್ತು ಅಲ್ಲೇ ಇದ್ದವು. ಆ ಪ್ರಯೋಗ ಕ್ರೂರವಾಗಿತ್ತು. ಈಗ ಯಾರೂ ಅದನ್ನು ಒಪ್ಪಲಾರರು. ಆದರೆ ಅದು ತೋರಿಸಿದ್ದನ್ನು ಮರೆಯುವಂತಿಲ್ಲ. ಹಾಲು ಕೊಟ್ಟಲ್ಲಿ ಮರಿಯ ಜೀವ ನಿಂತಿರಬಹುದು, ಮನಸ್ಸು ನಿಂತದ್ದು ತಬ್ಬಿಕೊಳ್ಳಲು ಸಿಕ್ಕಲ್ಲಿ.

ಹೆಮ್ಮರಗಾಲಕ್ಕೆ ಬರುವವರನ್ನು ನೋಡಿದರೆ ಇದಕ್ಕೆ ಪ್ರಯೋಗಾಲಯವೇ ಬೇಕಿಲ್ಲ. ಕಾರಿನಲ್ಲಿ ಬರುವವರಿದ್ದಾರೆ, ನಿಜ. ಒಂದು ದಿನದ ಕೂಲಿ ಬಿಟ್ಟು, ಆಟೊಗೆ ದುಡ್ಡು ಹೊಂದಿಸಿಕೊಂಡು ಬರುವವರೂ ಇದ್ದಾರೆ. ಮನೆಯ ಮಾಡು ಸೋರುತ್ತಿರುತ್ತದೆ, ಸಂಘದ ಸಾಲದ ಕಂತು ಬಾಕಿ ಇರುತ್ತದೆ. ಮೆಟ್ಟಿಲಿನ ಲೆಕ್ಕದಲ್ಲಿ ಇವರು ಇನ್ನೂ ಎರಡನೆಯ ಮೆಟ್ಟಿಲೂ ಹತ್ತಿಲ್ಲ. ‘ಮೊದಲು ಸೂರು ಸರಿ ಮಾಡ್ಕೊಳ್ಳಿ, ಆಮೇಲೆ ಮಗು’ ಎಂದು ಅವರಿಗೆ ಹೇಳುವವರು ಮನುಷ್ಯರನ್ನು ಅರಿತವರಲ್ಲ. ಬಡವನ ಎದೆಯಲ್ಲಿ ಹೊಟ್ಟೆಯ ಚಿಂತೆ ಬಿಟ್ಟು ಬೇರೇನೂ ಇರದು ಎಂದುಕೊಳ್ಳುವುದು ಅವನಿಗೆ ಮಾಡುವ ಅವಮಾನ. ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಜನ ಸೋಮಾರಿಗಳಾದರು, ಕೂಲಿಗೆ ಬರುವುದಿಲ್ಲ ಎಂದು 2013ರಿಂದಲೂ ಕೇಳಿಬರುವ ದೂರಿನ ಬುಡದಲ್ಲಿರುವುದೂ ಇದೇ ನಂಬಿಕೆ: ಹಸಿವೊಂದೇ ಅವರನ್ನು ನಡೆಸುವುದು, ಹಸಿವು ತೀರಿದರೆ ಅವರು ಕೂತುಬಿಡುತ್ತಾರೆ. ಮಗಳ ಓದು, ಮಗನ ಕೆಲಸ, ಊರಿನ ಮುಂದೆ ಮರ್ಯಾದೆ, ಒಂದು ಕೂಸು ಇವೆಲ್ಲ ಹೊಟ್ಟೆ ತುಂಬಿದವರಿಗೆ ಮಾತ್ರ ಬೇಕಾದವು ಎಂಬಂತೆ ಮಾತಾಡುವವರು ನಮ್ಮ ಸಭೆಗಳಲ್ಲಿ, ಕಚೇರಿಗಳಲ್ಲಿ ಇವತ್ತಿಗೂ ಇದ್ದಾರೆ.

2010ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡಗ್ಲಸ್ ಕೆನ್ರಿಕ್ ಮತ್ತು ಅವರ ಮೂವರು ಸಹಲೇಖಕರು ಆ ತ್ರಿಕೋನವನ್ನೇ ಕಳಚಿ ಮತ್ತೆ ಕಟ್ಟಿದರು. ತುದಿಯಲ್ಲಿದ್ದ ಆತ್ಮಸಾಕ್ಷಾತ್ಕಾರವನ್ನು ಇಳಿಸಿ, ಅಲ್ಲಿ ಮಕ್ಕಳನ್ನು ಸಾಕುವ ಹಂಬಲವನ್ನು ಕೂರಿಸಿದರು. ಜೀವವಿಕಾಸದ ಕಣ್ಣಿನಿಂದ ನೋಡಿದರೆ ಮನುಷ್ಯನ ಎಲ್ಲ ಪ್ರಯತ್ನಗಳೂ ಕೊನೆಗೆ ಮುಂದಿನ ತಲೆಮಾರಿನ ಕಡೆ ಹರಿಯುತ್ತವೆ ಎಂಬುದು ಅವರ ವಾದ. ಅದಕ್ಕೆ ಬಲವಾದ ವಿರೋಧವೂ ಬಂತು. ಮಕ್ಕಳನ್ನು ಬಯಸದೆ ತುಂಬಿದ ಬಾಳು ಬಾಳಿದವರನ್ನು ಎಲ್ಲಿಡುತ್ತೀರಿ ಎಂದು ಕೇಳಿದರೆ ಈ ಹೊಸ ತ್ರಿಕೋನದಲ್ಲಿ ಉತ್ತರವಿಲ್ಲ. ನನಗಂತೂ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಜಗಳದಲ್ಲಿ ಆಸಕ್ತಿಯಿಲ್ಲ. ಒಂದು ಬಯಕೆಯ ಒಳಗೆ ಇನ್ನೆಷ್ಟು ಬಯಕೆಗಳು ಅಡಗಿವೆ ಎಂದು ನೋಡುವುದು ಅದಕ್ಕಿಂತ ಮುಖ್ಯ.

ಇದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡಿದ್ದರು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೂರು ಏಷಣೆಗಳನ್ನು ಹೇಳುತ್ತಾನೆ: ಸಂತಾನದ ಬಯಕೆ, ಸಂಪತ್ತಿನ ಬಯಕೆ, ಲೋಕಗಳ ಬಯಕೆ. ಪಟ್ಟಿ ಕೊಟ್ಟು ಸುಮ್ಮನಾಗುವುದಿಲ್ಲ. ಮಗನನ್ನು ಬಯಸುವುದರಲ್ಲಿ ಸಂಪತ್ತಿನ ಬಯಕೆ ಇದೆ, ಸಂಪತ್ತನ್ನು ಬಯಸುವುದರಲ್ಲಿ ಲೋಕದ ಬಯಕೆ ಇದೆ, ಬೇರೆಬೇರೆಯಾಗಿ ಕಂಡರೂ ಇವೆಲ್ಲ ಬಯಕೆಗಳೇ ಎನ್ನುತ್ತಾನೆ. ಮೂರನ್ನೂ ದಾಟಬೇಕು ಎಂಬುದು ಅವನ ಗುರಿ. ಸಂಸಾರದಲ್ಲಿರುವ ನಮಗೆ ಆ ಗುರಿಗಿಂತ, ಅಲ್ಲಿಗೆ ಹೋಗುವ ದಾರಿಯಲ್ಲಿ ಅವನು ಕಂಡ ಈ ಸಂಗತಿಯೇ ಹೆಚ್ಚು ಬೇಕಾದದ್ದು.

1970ರ ದಶಕದಲ್ಲಿ ಹಲವು ದೇಶಗಳಲ್ಲಿ ಒಂದು ಅಧ್ಯಯನ ನಡೆಯಿತು. ಮಕ್ಕಳು ನಿಮಗೇಕೆ ಬೇಕು ಎಂದು ಸಾವಿರಾರು ತಂದೆತಾಯಂದಿರನ್ನು ನೇರವಾಗಿ ಕೇಳಿದರು. ತುರ್ಕಿಯ ಭಾಗವನ್ನು ನೋಡಿಕೊಂಡ ಮನೋವಿಜ್ಞಾನಿ ಚೀದೆಮ್ ಕಾತ್ಚಿಬಾಶಿ ಉತ್ತರಗಳಲ್ಲಿ ಮೂರು ಎಳೆ ಬಿಡಿಸಿದರು. ಮಕ್ಕಳು ದುಡಿಮೆಗೆ, ಮುಪ್ಪಿನ ಆಸರೆಗೆ ಬೇಕು ಎಂಬುದು ಒಂದು. ಸಂತೋಷಕ್ಕೆ, ಪ್ರೀತಿಗೆ, ಒಡನಾಟಕ್ಕೆ ಬೇಕು ಎಂಬುದು ಇನ್ನೊಂದು. ಊರಿನಲ್ಲಿ ಸ್ಥಾನಮಾನಕ್ಕೆ, ಮನೆತನದ ಹೆಸರಿಗೆ ಬೇಕು ಎಂಬುದು ಮೂರನೆಯದು. ಓದು, ಸಂಬಳ, ಪಿಂಚಣಿ ಬಂದಂತೆ ಮೊದಲನೆಯ ಎಳೆ ಸಡಿಲವಾಗುತ್ತದೆ, ಎರಡನೆಯದು ಸಡಿಲವಾಗುವುದಿಲ್ಲ ಎಂಬುದನ್ನು ಅವರು ತೋರಿಸಿದರು. ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲಿ ಈ ಮೂರೂ ಎಳೆಗಳನ್ನು ಒಂದೇ ಮನೆಯಲ್ಲಿ ಕಾಣಬಹುದು. ‘ಹೊಲ ನೋಡೋರ್ ಯಾರು?’ ಎನ್ನುವ ಮಾವ. ‘ನಮ್ ಮನೇಲೂ ಒಂದ್ ಕೂಸು ಆಡ್ಲಿ’ ಎನ್ನುವ ಅತ್ತೆ. ಓರಗೆಯವರ ಮಕ್ಕಳೆಲ್ಲ ಶಾಲೆಗೆ ಸೇರಿದರಲ್ಲ ಎಂದು ಹಟ್ಟಿಯ ಮುಂದೆ ನಿಂತು ನೋಡುವ ಗಂಡ. ಇವರೆಲ್ಲರ ಬಯಕೆಯನ್ನೂ ಹೊತ್ತು ಗುಡಿಯಲ್ಲಿ ಕೂರುವವಳು ಮಾತ್ರ ಅವಳೊಬ್ಬಳೇ.

ಈ ಭಾರವನ್ನು ಅಳೆಯಲು ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತದಷ್ಟು ಹತ್ತಿರದ್ದು ನನಗೆ ಬೇರೆ ಸಿಕ್ಕಿಲ್ಲ. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಕಾಲೇಜು ಹುಡುಗರಿಗೆ ತುಂಡುಗಳನ್ನು ಜೋಡಿಸುವ ಸೋಮಾ ಎಂಬ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ಒಂದು ಗುಂಪಿಗೆ ದುಡ್ಡು ಕೊಟ್ಟರು. ದುಡ್ಡು ನಿಲ್ಲಿಸಿದ ಮೇಲೆ ಆ ಗುಂಪಿನವರಿಗೆ ಬಿಡುವಿನ ಹೊತ್ತಿನಲ್ಲಿ ಒಗಟಿನ ಮೇಲಿದ್ದ ಆಸೆಯೇ ತಗ್ಗಿತ್ತು. ಒಳಗಿನಿಂದ ಬರುವ ಹುಮ್ಮಸ್ಸಿಗೂ ಹೊರಗಿನ ದೂಡುವಿಕೆಗೂ ಆಗಿಬರುವುದಿಲ್ಲ ಎಂಬುದು ಆರಂಭದ ತೀರ್ಮಾನ. ಮುಂದೆ ರಯಾನ್ ಜೊತೆಗೂಡಿ ಅವರು ಮನುಷ್ಯನಿಗೆ ಮೂರು ಮೂಲಭೂತ ಮಾನಸಿಕ ಅಗತ್ಯಗಳಿವೆ ಎಂದರು: ತನ್ನ ಬದುಕಿನ ನಿರ್ಧಾರ ತನ್ನದಾಗಿರಬೇಕು, ತನ್ನ ಕೈಯಲ್ಲಿ ಏನಾದರೂ ಆಗುತ್ತದೆ ಎನ್ನಿಸಬೇಕು, ತನ್ನವರು ಎಂಬುವವರಿರಬೇಕು. ಇವಕ್ಕೆ ಮೆಟ್ಟಿಲಿಲ್ಲ. ಮೂರೂ ಎಲ್ಲರಿಗೂ ಎಲ್ಲ ಕಾಲಕ್ಕೂ ಬೇಕು.

ಅವರ ಸಿದ್ಧಾಂತದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇನ್ನೊಂದು. ಹೊರಗಿನ ಒತ್ತಾಯ ಯಾವಾಗಲೂ ಹೊರಗೇ ನಿಲ್ಲುವುದಿಲ್ಲ. ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಮೊದಲು ಅತ್ತೆ ಹೇಳುತ್ತಾಳೆ. ಆಮೇಲೆ ಅತ್ತೆ ಇಲ್ಲದ ಹೊತ್ತಲ್ಲೂ ಅದೇ ಮಾತು ತಲೆಯೊಳಗೆ ಓಡುತ್ತದೆ. ಆಗ ಅವಳನ್ನು ಗುಡಿಗೆ, ಆಸ್ಪತ್ರೆಗೆ, ನಾಟಿ ಔಷಧಿಯವರ ಮನೆಗೆ ಓಡಾಡಿಸುವುದು ನಾಚಿಕೆ ಮತ್ತು ತಪ್ಪಿತಸ್ಥ ಭಾವ. ಹೊರಗಿನಿಂದ ನೋಡುವವರಿಗೆ ಅದು ಅವಳದೇ ಆಸೆಯಂತೆ ಕಾಣುತ್ತದೆ. ಅವಳಿಗೂ ಹಾಗೇ ಕಾಣುತ್ತದೆ. ನುಂಗಿದ ಒತ್ತಾಯವನ್ನೂ ಒಪ್ಪಿ ತನ್ನದಾಗಿಸಿಕೊಂಡ ಬಯಕೆಯನ್ನೂ ಬೇರೆ ಮಾಡಿ ನೋಡಬೇಕು ಎನ್ನುತ್ತಾರೆ ಡೆಸಿ ಮತ್ತು ರಯಾನ್. ನುಂಗಿದ್ದು ಮನುಷ್ಯನನ್ನು ಓಡಿಸಬಲ್ಲದು, ಆದರೆ ನೆಮ್ಮದಿ ಕೊಡಲಾರದು.

ಇದನ್ನು ಹೇಳುವಾಗ ನಾನು ಹರಕೆಯನ್ನು ಹಗುರ ಮಾಡುತ್ತಿಲ್ಲ. ಹರಕೆ ಮನಸ್ಸಿಗೆ ಮಾಡುವ ಕೆಲಸ ದೊಡ್ಡದು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ನೋವನ್ನು ಅದು ಎಲ್ಲರೆದುರು ಆಡಲು ಬಿಡುತ್ತದೆ. ಗಂಡನನ್ನು ಹೆಂಡತಿಯ ಪಕ್ಕಕ್ಕೆ ತಂದು ಕೂರಿಸುತ್ತದೆ. ‘ಅವಳ ಸಮಸ್ಯೆ’ ಅಲ್ಲಿ ಕೂತಷ್ಟು ಹೊತ್ತಾದರೂ ಇಬ್ಬರದಾಗುತ್ತದೆ. ಏನೂ ಕೈಯಲ್ಲಿಲ್ಲ ಎನ್ನಿಸಿದಾಗ ಮಾಡುವುದಕ್ಕೆ ಒಂದು ಕೆಲಸ ಕೊಡುತ್ತದೆ. ನಮ್ಮ ಸೀಮೆಯವರಿಗೆ ದೇವರೊಡನೆ ಸಲುಗೆಯೂ ಹೆಚ್ಚು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದವರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದ ಮೇಲೆ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಊರವರು ಮಳೆಗಾಗಿ ಬಸವನ ಗುಡಿಯಲ್ಲಿ ಹೂ ಕೇಳುವುದನ್ನೂ, ಹೂ ಬೀಳದಿದ್ದರೆ ದೇವರ ಮೇಲೆಯೇ ರೇಗುವುದನ್ನೂ ವರ್ಣಿಸಿದ್ದಾರೆ. ದೇವರನ್ನು ಬೈಯಬಲ್ಲವನಿಗೆ ತನ್ನ ಬಯಕೆ ತನ್ನದು ಎಂಬ ಖಾತ್ರಿ ಇರುತ್ತದೆ. ಹೆಮ್ಮರಗಾಲದಲ್ಲಿ ಕಣ್ಣುಮುಚ್ಚಿ ಕೂತ ಹುಡುಗಿಗೆ ಆ ಸಲುಗೆ ಇಲ್ಲ. ದೇವರನ್ನಾಗಲಿ, ಹಿಂದೆ ಕೂತ ಅತ್ತೆಯನ್ನಾಗಲಿ ಅವಳು ಬೈಯಲಾರಳು.

ಮನೆಯವರಷ್ಟೇ ಅಲ್ಲ, ಸರ್ಕಾರವೂ ಈ ಬಯಕೆಯೊಳಗೆ ಬಹಳ ಹಿಂದೆಯೇ ಕೈಹಾಕಿದೆ. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೇ ತೆರೆದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿನಲ್ಲೇ ಮೊದಲಿನವು ಎಂದು ಅವು ಹೆಸರಾದವು. ಸ್ವಾತಂತ್ರ್ಯದ ನಂತರ 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನ ನಡೆಸಿದವು. ಎಷ್ಟು ಮಕ್ಕಳು ಬೇಕು ಎಂದು ನಮ್ಮ ಹಳ್ಳಿಗಳ ಹೆಂಗಸರನ್ನು ಕೂರಿಸಿಕೊಂಡು ಕೇಳಿದ ಮೊದಮೊದಲ ದೊಡ್ಡ ಸಮೀಕ್ಷೆ ಅದು. ಅದೇ ಹೊತ್ತಿನಲ್ಲಿ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಪ್ರಯೋಗ ನಡೆಯಿತು. ತಿಂಗಳಿನ ಯಾವ ದಿನ ಸುರಕ್ಷಿತ, ಯಾವ ದಿನ ಅಲ್ಲ ಎಂದು ತಿಳಿಯಲು ಹೆಂಗಸರಿಗೆ ಬಣ್ಣದ ಮಣಿಸರ ಕೊಟ್ಟರು. ಅದು ಫಲಿಸಲಿಲ್ಲ. ಮಣಿ ಎಣಿಸುವುದನ್ನು ಹೆಂಡತಿಗೆ ಹೇಳಿಕೊಟ್ಟರು. ರಾತ್ರಿಯ ನಿರ್ಧಾರ ಅವಳ ಕೈಯಲ್ಲಿದೆಯೇ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಆಮೇಲೆ ಕುಟುಂಬ ಯೋಜನೆಯ ಗುರಿಗಳು ಬಂದವು. ಇಷ್ಟು ಆಪರೇಷನ್ ಆಗಲೇಬೇಕು ಎಂದು ನಿಗದಿಯಾಯಿತು. ಜನರನ್ನು ಒಪ್ಪಿಸಿ ಕರೆತಂದವರಿಗೆ ತಲೆಗಿಷ್ಟು ಎಂದು ದುಡ್ಡು. ಸರ್ಕಾರಿ ಕಡತಗಳಲ್ಲಿ ಅವರಿಗೆ ‘ಮೋಟಿವೇಟರ್’ ಎಂದೇ ಹೆಸರು. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಜನಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಪ್ರೇರಣೆ ಎಂದರೆ ದುಡ್ಡು ಕೊಟ್ಟೋ ಹೆದರಿಸಿಯೋ ಇನ್ನೊಬ್ಬರಿಂದ ಕೆಲಸ ಮಾಡಿಸುವುದು ಎಂಬ ಅರ್ಥ ನಮ್ಮ ಆಡಳಿತದಲ್ಲಿ ಬೇರೂರಿದ್ದು ಆ ಕಾಲದಲ್ಲಿ. ಈಗ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕಡಿಮೆ ಮಾಡಿ ಎಂದು ಹೇಳುವ ಅಗತ್ಯವೇ ಉಳಿದಿಲ್ಲ. ಆದರೆ ಮಕ್ಕಳಾಗದವರ ಕಡೆ ಆ ಕಾರ್ಯಕ್ರಮ ಎಂದೂ ಗಟ್ಟಿಯಾಗಿ ತಿರುಗಿ ನೋಡಲಿಲ್ಲ. ಜಗತ್ತಿನಲ್ಲಿ ಆರು ಜನಕ್ಕೆ ಒಬ್ಬರಷ್ಟು ಮಂದಿ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಬಂಜೆತನದ ಸಮಸ್ಯೆ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅವರಲ್ಲಿ ಬಡವರಿಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಬಾಗಿಲು ಹೆಮ್ಮರಗಾಲದ್ದು, ಚನ್ನಪಟ್ಟಣದ ಬಳಿ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನದ್ದು.

ಬಾಗಿಲು ಎಂದಾಗ ಬದನವಾಳು ನೆನಪಾಗದೆ ಇರದು. ಹೆಮ್ಮರಗಾಲಕ್ಕೆ ಹೋಗುವವರು ಆ ಊರಿನ ಹೆಸರನ್ನು ಓದಿಯೇ ಮುಂದೆ ಹೋಗುತ್ತಾರೆ. 1927ರಲ್ಲಿ ಗಾಂಧೀಜಿ ಅಲ್ಲಿನ ಖಾದಿ ಕೇಂದ್ರಕ್ಕೆ ಬಂದಿದ್ದರು. ಚರಕದ ಕೂಲಿ ಚಿಕ್ಕದು, ಆದರೆ ಅದು ಹೆಣ್ಣುಮಕ್ಕಳ ಸ್ವಂತ ಸಂಪಾದನೆ. ಅದೇ ವರ್ಷ ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರ್ ಸಾವಿರಾರು ಜನರೊಡನೆ ಚವದಾರ್ ಕೆರೆಯ ನೀರು ಮುಟ್ಟಿದರು. ಹೋರಾಟ ಬಾಯಾರಿಕೆಗಾಗಿ ಅಲ್ಲ, ನಾವೂ ಮನುಷ್ಯರೆಂದು ಸ್ಥಾಪಿಸುವುದಕ್ಕೆ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. 1993ರ ಮಾರ್ಚ್‌ನಲ್ಲಿ ಬದನವಾಳಿನಲ್ಲಿ ಸಿದ್ದೇಶ್ವರ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಲ್ಲೇ ಮೂವರು ದಲಿತರ ಕೊಲೆಯಾಯಿತು. ಗುಡಿಯ ಹೊಸ್ತಿಲು ದಾಟಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಕೂಲಿ ತಪ್ಪೀತು, ಜೀವವೇ ಹೋದೀತು ಎಂದು ಗೊತ್ತಿದ್ದೂ ಜನ ಹೊಸ್ತಿಲು ದಾಟುತ್ತಾರೆ. ಗೌರವ ನಾಲ್ಕನೆಯ ಮೆಟ್ಟಿಲು ಎಂದು ಕಪ್ಪುಹಲಗೆಯ ಮೇಲೆ ಬರೆಯುವ ನಂಜನಗೂಡಿನ ಮೇಷ್ಟ್ರುಗಳು ಬದನವಾಳನ್ನು ಮಕ್ಕಳಿಗೆ ಹೇಳಲೇಬೇಕು. ರಂಗಕರ್ಮಿ ಪ್ರಸನ್ನ 2015ರಲ್ಲಿ ಅದೇ ಪಾಳುಬಿದ್ದ ಖಾದಿ ಕೇಂದ್ರದ ಅಂಗಳದಲ್ಲಿ ಸತ್ಯಾಗ್ರಹ ಕೂತು, ಬದುಕಿಗೆ ನಿಜವಾಗಿ ಬೇಕಾದದ್ದೆಷ್ಟು ಎಂದು ನಾಡನ್ನು ಕೇಳಿದರು. ಸರಳ ಬದುಕಿನ ಆ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ಬೇಕಾದದ್ದೆಷ್ಟು ಎಂದು ತೀರ್ಮಾನಿಸುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಅದರ ಜೊತೆಗೇ ಇರಬೇಕು. ಬದನವಾಳಿನ ಮಣ್ಣಿನಲ್ಲಿ ನಿಂತು ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಲಾಗುವುದಿಲ್ಲ.

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಬೇಕಾದದ್ದು ಕೂಸು ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೂ ಮೊದಲು ಆಗಬೇಕಾದ ಕೆಲಸ ನಮ್ಮ ಬಹುಪಾಲು ಮನೆಗಳಲ್ಲಿ ಕೊನೆಗೆ ಆಗುತ್ತದೆ. ಮಕ್ಕಳಾಗದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ಅಗ್ಗದ್ದು, ನೋವಿಲ್ಲದ್ದು, ಒಂದೇ ದಿನದಲ್ಲಿ ಮುಗಿಯುವಂಥದ್ದು. ಆದರೂ ಅವಳಿಗೆ ಸ್ಕ್ಯಾನಿಂಗ್ ಆಗಿರುತ್ತದೆ, ಥೈರಾಯ್ಡ್ ಪರೀಕ್ಷೆ ಆಗಿರುತ್ತದೆ, ನೋವು ತಿನ್ನುತ್ತಾ ಟ್ಯೂಬ್ ಟೆಸ್ಟ್ ಕೂಡ ಆಗಿರುತ್ತದೆ. ಅವನದು ಇನ್ನೂ ಆಗಿರುವುದಿಲ್ಲ. ‘ನಂಗೇನಾಗದೆ?’ ಎನ್ನುವ ಅವನ ಮಾತಿನೊಳಗೆ ಇರುವುದು ಭಯ. ಗಂಡಸುತನ ಮತ್ತು ಮಕ್ಕಳಾಗುವಿಕೆ ಎರಡನ್ನೂ ಒಂದೇ ಎಂದು ಅವನ ತಲೆಗೆ ಊರು ತುಂಬಿದೆ. ಅವನಿಗೂ ಮರ್ಯಾದೆ ಬೇಕು, ಅವನೂ ಒಂದು ಒತ್ತಾಯವನ್ನು ನುಂಗಿದ್ದಾನೆ. ನನಗೆ ಅವನ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಆದರೆ ಅವನ ಮರ್ಯಾದೆಗೆ ಅವಳ ಮೈ ಬೆಲೆ ತೆರುವುದು ನ್ಯಾಯವಲ್ಲ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗಲು ಕ್ಷಯವೂ ಒಂದು ಕಾರಣ. ಬೇಗ ಗೊತ್ತಾದರೆ ಔಷಧಿ ಇದೆ. ಕೈತಪ್ಪಿ ಹೋದ ಒಂದೊಂದು ವರ್ಷವೂ ಚಿಕಿತ್ಸೆ ಫಲಿಸುವ ಸಾಧ್ಯತೆಯನ್ನು ತಗ್ಗಿಸುತ್ತದೆ.

ಅವಳಿಗೆ ಬೇಕಾದದ್ದು ಬೇರೆಯೇ ಆಗಿದ್ದರೆ? ಸೀಮಂತದ ಮನೆಯಲ್ಲಿ ಆರತಿ ಎತ್ತುವಾಗ ಯಾರೂ ತನ್ನನ್ನು ಹಿಂದಕ್ಕೆ ಸರಿಸದಿರಲಿ ಎಂಬುದಾದರೆ? ಎರಡನೆಯ ಮದುವೆಯ ಮಾತು ಮನೆಯಲ್ಲಿ ಏಳದಿರಲಿ ಎಂಬುದಾದರೆ? ಅದಕ್ಕೆ ಐವಿಎಫ್ ಮದ್ದಲ್ಲ. ಐವಿಎಫ್ ಮಾಡಿಸಿ, ಫಲಿಸದೆ, ಮನೆ ಮಾರಿದವರ ಕಥೆಗಳನ್ನು ಮೈಸೂರಿನಲ್ಲಿ ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ. ಭದ್ರತೆ ಬೇಕಿದ್ದವಳಿಗೆ ಭದ್ರತೆಯನ್ನೇ ಕೊಡಬೇಕು: ಜಮೀನಿನ ಪಹಣಿಯಲ್ಲಿ ಹೆಸರು, ಅವಳದೇ ಬ್ಯಾಂಕ್ ಖಾತೆಯಲ್ಲಿ ದುಡ್ಡು, ‘ಮಕ್ಕಳಾಗ್ಲಿ ಬಿಡ್ಲಿ ನೀನು ನಮ್ಮನೆ ಮಗಳೇ ಕನವ್ವ’ ಎನ್ನುವ ಒಬ್ಬ ಅತ್ತೆ. ಅಂಥ ಅತ್ತೆಯಂದಿರು ಈ ಸೀಮೆಯಲ್ಲಿ ಇಲ್ಲದಿಲ್ಲ. ಇನ್ನು, ಮಡಿಲಲ್ಲಿ ಕೂಸನ್ನು ಹಿಡಿಯುವ ಆಸೆಯೇ ಅವಳ ಎಲ್ಲ ಆಸೆಗಳ ಕೆಳಗೆ ಇದ್ದರೆ, ದತ್ತು ಎಂಬ ದಾರಿಯ ಮಾತನ್ನೂ ಮುಜುಗರವಿಲ್ಲದೆ ಎತ್ತಬೇಕು. ಅವಳ ಎಡಗೈಗೆ ತಲೆ ಹಿಡಿಯುವುದು ಗೊತ್ತೇ ಇದೆ. ಆ ತಲೆ ಯಾವ ಗರ್ಭದಿಂದ ಬಂತು ಎಂದು ಕೈ ಕೇಳುವುದಿಲ್ಲ.

2021ರಲ್ಲಿ ಬಂದ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯ್ದೆ ಕ್ಲಿನಿಕ್‌ಗಳಿಗೆ ಒಂದು ಒಳ್ಳೆಯ ಹೊಣೆ ಹೊರಿಸಿದೆ. ಚಿಕಿತ್ಸೆಗೆ ಮುನ್ನ ದಂಪತಿಗೆ ಆಪ್ತಸಮಾಲೋಚನೆ ಕೊಡಬೇಕು. ಪರಿಣಾಮಗಳೇನು, ಯಶಸ್ಸಿನ ಸಾಧ್ಯತೆ ಎಷ್ಟು ಎಂದು ತಿಳಿಸಬೇಕು. ಆ ಸಮಾಲೋಚನೆಯಲ್ಲಿ ಇನ್ನೊಂದು ಪ್ರಶ್ನೆಯೂ ಸೇರಬೇಕೆಂದು ನನ್ನ ಕೋರಿಕೆ: ‘ಇದು ನಿಮಗೇ ಬೇಕಾ, ತಾಯಿ?’ ಖಾಸಗಿ ಕ್ಲಿನಿಕ್‌ಗಳಲ್ಲಷ್ಟೇ ಅಲ್ಲ, ನಂಜನಗೂಡು ಮತ್ತು ತಿ. ನರಸೀಪುರದ ಸರ್ಕಾರಿ ಆಸ್ಪತ್ರೆಗಳಲ್ಲೂ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಬಾಯಲ್ಲೂ ಆ ಪ್ರಶ್ನೆ ಬರಬೇಕು. ಕೇಳುವಾಗ ಬಾಗಿಲು ಹಾಕಿರಬೇಕು, ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತಿರಬೇಕು, ಗಂಡನೂ ಅವರ ಪಕ್ಕದಲ್ಲೇ ಕೂತಿರಬೇಕು. ಅವಳು ‘ಹೌದು’ ಎಂದರೆ ಮುಂದಿನ ಚೀಟಿ ಅವನ ಹೆಸರಿಗೆ ಬರೆಯಬೇಕು.